ಫೇಲಾದವರ ಸಾಲಿನಲ್ಲಿ ಮಹೇಶ್ವರಿ ಟೀಚರ್

ದಸರಾ ರಜೆ ಮುಗಿದು ಶಾಲೆ ಮತ್ತೆ ಶುರುವಾದ ವಾರದಲ್ಲೇ ಅದು ನಡೆಯಿತು. ಪ್ರಾರ್ಥನೆ ಮುಗಿದರೂ ಹೆಡ್ ಮಾಸ್ತರ ಈರಪ್ಪ ಮಕ್ಕಳನ್ನು ಒಳಗೆ ಬಿಡಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನದಲ್ಲಿ ಫೇಲಾದ ಹತ್ತನೆಯ ತರಗತಿಯವರೆಲ್ಲ ಧ್ವಜದ ಕಟ್ಟೆಯ ಪಕ್ಕಕ್ಕೆ ಬಂದು ನಿಲ್ಲಬೇಕೆಂದು ಮೈಕಿನಲ್ಲಿ ಹೇಳಿದ. ಹುಡುಗರು, ಹುಡುಗಿಯರು ತಲೆ ತಗ್ಗಿಸಿ ಒಬ್ಬೊಬ್ಬರಾಗಿ ಹೋಗಿ ನಿಂತರು. ತರಗತಿಯ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿದ್ದರು.

"ಇವರಿಗೆ ಕಲಿಸಿದವರು ಯಾರು?" ಎಂದು ಈರಪ್ಪ ಕೇಳಿದ. "ಅವರೂ ಇವರ ಜೋಡಿ ನಿಂದರ್ಲಿ. ಮಹೇಶ್ವರಿ ಟೀಚರ, ಬರ್ರಿ. ನಾಚಿಕೊಳ್ಳಬ್ಯಾಡ್ರಿ."

ಮಹೇಶ್ವರಿಗೆ ಮೊದಲು ತಾನು ತಪ್ಪು ಕೇಳಿಸಿಕೊಂಡೆನೇನೋ ಅನಿಸಿತು. ಪಕ್ಕದಲ್ಲಿದ್ದ ಗಣಿತದ ಮಾಸ್ತರ ಅಮರೇಶ ಮುಖ ಆಚೆ ತಿರುಗಿಸಿಕೊಂಡಿದ್ದ. ಇಡೀ ಶಾಲೆ ಆಕೆಯನ್ನೇ ನೋಡುತ್ತಿತ್ತು. ಹೋಗದಿದ್ದರೆ ಇನ್ನೊಂದು ಮಾತು ಬರುತ್ತದೆ ಎಂದು ಗೊತ್ತಿತ್ತು. ಆಕೆ ಹೋಗಿ ನಿಂತಳು. ಎಂಟನೆಯ ತರಗತಿಯ ಸಾಲಿನಿಂದ ಯಾರೋ ಕಿಸಕ್ಕನೆ ನಕ್ಕರು. ಈರಪ್ಪ ನಗುವವರನ್ನು ತಡೆಯಲಿಲ್ಲ.

ಆ ಶಾಲೆ ಇರುವುದು ಹುನಗುಂದದಿಂದ ಇಳಕಲ್ಲಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಅರ್ಧ ಊರು ಕುರಿ ಸಾಕುತ್ತದೆ, ಇನ್ನರ್ಧ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಬಸ್ಸು ಹತ್ತುತ್ತದೆ. ಮಹೇಶ್ವರಿ ಬಾಗಲಕೋಟೆಯವಳು. ವಾರವಿಡೀ ಇಳಕಲ್ಲಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನ ಬಾಗಲಕೋಟೆಗೆ, ಗಂಡನ ಮನೆಗೆ ಹೋಗುತ್ತಿದ್ದಳು. ಇದಕ್ಕೆ ಮುಂಚೆ ಬಾದಾಮಿ ಕಡೆಯ ಒಂದು ಸಣ್ಣ ಶಾಲೆಯಲ್ಲಿದ್ದಾಗ, ಪಾಠ ಮುಗಿಸಿ ಹೊರಗೆ ಬಂದರೆ ಗಂಟಲು ಒಣಗಿರುತ್ತಿತ್ತು, ಮೈ ಮಾತ್ರ ಹಗುರಾಗಿರುತ್ತಿತ್ತು. ಈ ಶಾಲೆಗೆ ಬಂದ ಮೇಲೆ ಗಂಟಲು ಒಣಗುವುದಷ್ಟೇ ಉಳಿದಿತ್ತು.

ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂದು ನಕಲು ನಿಂತ ಮೇಲೆ ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ಮಕಾಡೆ ಬಿದ್ದಿತ್ತು. ಮೇಲಿನವರು ಈರಪ್ಪನನ್ನು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ ಬೈದರು. ಆತ ಆ ಬೈಗುಳವನ್ನು ಹಾಗೇ ಹೊತ್ತು ತಂದು ಮಾಸ್ತರರ ಮೇಲೆ ಸುರುವಿದ. ಮಾಸ್ತರರು ಮಕ್ಕಳ ಮೇಲೆ ಸುರುವಿದರು. ಪಾಠ ನಿಂತಿತು. ಅದರ ಬದಲು ಪಾಸಿಂಗ್ ಪ್ಯಾಕೇಜ್ ಎಂಬ ಪ್ರಶ್ನೋತ್ತರದ ಕಟ್ಟು ಬಂತು. ಅದನ್ನು ಬಾಯಿಪಾಠ ಮಾಡಿಸುವುದು, ಒಪ್ಪಿಸದವರನ್ನು ನಿಲ್ಲಿಸುವುದು, ಮತ್ತೆ ಒಪ್ಪಿಸಿಕೊಳ್ಳುವುದು. ಬೆಳಕು ಯಾಕೆ ಬಾಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ಹೇಳುವುದಕ್ಕೆ ಆಕೆಗೂ ಮನಸ್ಸಿರಲಿಲ್ಲ.

ಸಾಲಿನಲ್ಲಿ ನಿಂತ ದಿನದಿಂದ ಮಹೇಶ್ವರಿಗೆ ಆ ಮಕ್ಕಳ ಮುಖ ಕಂಡರೆ ಮೈ ಉರಿಯುತ್ತಿತ್ತು. ಇವರಿಂದಲೇ ತನ್ನ ಮರ್ಯಾದೆ ಹೋಯಿತು ಎಂದು ಹಲ್ಲು ಕಡಿಯುತ್ತಿದ್ದಳು. ಮಕ್ಕಳೂ ಬಿಡಲಿಲ್ಲ. ಬೋರ್ಡಿನ ಕಡೆ ತಿರುಗಿದರೆ ಹಿಂದಿನಿಂದ ಡೆಸ್ಕು ಬಡಿಯುವ ಸದ್ದು. ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ಫೇಲಾದವರ ಹೆಸರುಗಳ ಕೆಳಗೆ ಆಕೆಯ ಹೆಸರೂ ಇತ್ತು.

"ಯಾರು ಬರದದ್ದು?" ಎಂದು ಆಕೆ ಕೇಳಿದಳು.

ಕಿಟಕಿಯ ಪಕ್ಕದ ಸುಧಾರಾಣಿ ಎದ್ದು ನಿಂತಳು. ಕುರಿಯವರ ಮನೆಯ ಹುಡುಗಿ, ಉದ್ದಕ್ಕೆ ಬೆಳೆದವಳು, ಪ್ಯಾಕೇಜಿನ ಒಂದು ಸಾಲನ್ನೂ ಒಪ್ಪಿಸದವಳು. "ನಾ ಬರದೇನಿ ರೀ."

"ಯಾಕ? ನಿಮ್ಮ ಜೋಡಿ ನನ್ನ ನಿಂದರ್ಸಿದ್ದು ನಿನಗ ಭಾಳ ಖುಷಿ ಆತೇನು?"

"ನೀವು ನಮ್ಮ ಜೋಡಿ ಎಲ್ಲಿ ನಿಂತಿದ್ರಿ, ಟೀಚರ್? ನಡುವ ಜಾಗಾ ಬಿಟ್ಟು ದೂರ ನಿಂತಿದ್ರಿ. ನಮ್ಮ ಮೈ ಹತ್ತಿದ್ರ ಮೈಲಿಗಿ ಆಗ್ತದೇನೋ ಅನ್ನೂಹಂಗ."

ಮಹೇಶ್ವರಿ ಆ ಹುಡುಗಿಯನ್ನು ಹೊರಗೆ ನಿಲ್ಲಿಸಿದಳು. ಗಂಟೆ ಬಾರಿಸುವ ತನಕ ಯಾರ ಕಡೆಯೂ ನೋಡದೆ ಪ್ರಶ್ನೋತ್ತರ ಓದಿದಳು. ಸಂಜೆ ಇಳಕಲ್ಲಿನ ಬಸ್ಸಿನಲ್ಲಿ ಆ ಮಾತನ್ನು ಅಲ್ಲಗಳೆಯಲು ನೋಡಿದಳು. ಆಗಲಿಲ್ಲ. ಜಾಗ ಬಿಟ್ಟು ನಿಂತದ್ದು ಖರೆ ಇತ್ತು. ತಾನು ಅವರವಳಲ್ಲ ಎಂದು ಇಡೀ ಶಾಲೆಗೆ ಕಾಣಲಿ ಎಂದೇ ನಿಂತಿದ್ದಳು. ಅದು ತಿಳಿದು ಆಕೆಗೆ ಪಶ್ಚಾತ್ತಾಪಕ್ಕಿಂತ ಸಿಟ್ಟೇ ಹೆಚ್ಚಾಯಿತು. ಹುಡುಗಿಯ ಮೇಲೆ ಸಿಟ್ಟು, ತನ್ನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಮೈಕು ಹಿಡಿದವನ ಮೇಲೆ.

ಮರುದಿನ ಆಕೆ ಪ್ಯಾಕೇಜನ್ನು ಟೇಬಲ್ಲಿನ ಖಾನೆಗೆ ಎಸೆದಳು. "ಇನ್ನ ನಾ ಏನೂ ಕೇಳಂಗಿಲ್ಲ. ನೀವು ಕೇಳ್ರಿ. ನಿಮಗ ಗೊತ್ತಿಲ್ಲದ್ದು ಯಾವುದಾರ ಕೇಳ್ರಿ."

ಯಾರೂ ಕೇಳಲಿಲ್ಲ. ಆಕೆಯೂ ಕುರ್ಚಿ ಬಿಟ್ಟು ಏಳಲಿಲ್ಲ. ಆ ವಾರವಿಡೀ ವಿಜ್ಞಾನದ ತಾಸು ಹಾಗೇ ಹೋಯಿತು. ಎರಡೂ ಕಡೆಯವರು ಹಠ ಹಿಡಿದು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ಕುಳಿತರು. ಕೊನೆಗೆ ಸುಧಾರಾಣಿಯೇ ಎದ್ದಳು. ಕೇಳುವ ಆಸೆಯಿಂದ ಅಲ್ಲ, ಕೆಡಹುವ ಆಸೆಯಿಂದ.

"ಎಳೀ ಜ್ವಾಳದ ಚಿಗರು ತಿಂದ್ರ ಕುರಿ ಒದ್ದಾಡಿ ಸಾಯ್ತಾವ. ಅದ ಜ್ವಾಳ ಬೆಳದು ಒಣಗಿದ ಮ್ಯಾಲ ದಿನಾ ತಿಂದ್ರೂ ಏನೂ ಆಗಂಗಿಲ್ಲ. ಯಾಕ ರೀ?"

ಮಹೇಶ್ವರಿ "ನನಗ ಗೊತ್ತಿಲ್ಲ" ಎಂದಳು.

ತರಗತಿ ಹೋ ಎಂದು ನಕ್ಕಿತು. ಆ ನಗುವಿನಲ್ಲಿ ದಯೆ ಇರಲಿಲ್ಲ. ಆಕೆ ಸುಮ್ಮನೆ ನಗಿಸಿಕೊಂಡಳು. ಸಂಜೆ ಇಳಕಲ್ಲಿನ ಬಸ್ಸು ಬಿಟ್ಟು ಹುನಗುಂದದ ಬಸ್ಸು ಹತ್ತಿ ದನದ ದವಾಖಾನೆಗೆ ಹೋದಳು. ಅಲ್ಲಿಯ ಡಾಕ್ಟರು ಇದನ್ನೇಕೆ ಕೇಳುತ್ತೀರಿ ಎಂದು ಹುಬ್ಬು ಗಂಟಿಕ್ಕಿದರೂ ಕೂರಿಸಿ ಹೇಳಿದರು. ಮರುದಿನ ಆಕೆ ಎಳೆಯ ಜೋಳದ ದಂಟನ್ನು ತಂದು ಟೇಬಲ್ಲಿನ ಮೇಲಿಟ್ಟಳು. ಎಳೆಯದರಲ್ಲಿ ವಿಷದ ಅಂಶ ಹೆಚ್ಚಿರುತ್ತದೆ, ಬೆಳೆದಂತೆ ಕಡಿಮೆಯಾಗುತ್ತದೆ. ಆ ವಿಷ ಹೊಟ್ಟೆಗೆ ಹೋದರೆ ಕುರಿ ಗಾಳಿ ಎಳೆದುಕೊಳ್ಳುತ್ತದೆ, ಆದರೆ ಒಳಗಿನ ಜೀವಕೋಶಗಳಿಗೆ ಆ ಗಾಳಿ ಬಳಸಿಕೊಳ್ಳಲು ಬರುವುದಿಲ್ಲ. ಉಸಿರಾಡುತ್ತಲೇ ಉಸಿರು ಕಟ್ಟಿ ಸಾಯುತ್ತದೆ. ಇದನ್ನು ಹೇಳುತ್ತ ಹೇಳುತ್ತ ಉಸಿರಾಟದ ಪಾಠ ಪೂರ್ತಿ ಮುಗಿಯಿತು.

ಡೆಸ್ಕು ಬಡಿಯುವ ಸದ್ದು ಬರಲಿಲ್ಲ. ಪಾಲಿಶ್ ಕೆಲಸದವನ ಮಗಳು ಲಲಿತಾ ಕೈ ಎತ್ತಿದಳು. ಕಲ್ಲಿನ ಪುಡಿ ಅಪ್ಪನ ಎದೆಯೊಳಗೆ ಹೋದದ್ದು ಕೆಮ್ಮಿದರೆ ಯಾಕೆ ಹೊರಗೆ ಬರುವುದಿಲ್ಲ ಎಂದು ಕೇಳಿದಳು.

ಆಮೇಲಿನ ದಿನಗಳು ಪ್ರೀತಿಯಿಂದ ಕೂಡಿದ್ದವು ಎನ್ನುವಂತಿಲ್ಲ. ಮಕ್ಕಳು ಆಕೆಯನ್ನು ಸೋಲಿಸಲು ಕೇಳುತ್ತಿದ್ದರು. ಆಕೆ ಸೋಲಬಾರದೆಂದು ಓದಿಕೊಂಡು ಬರುತ್ತಿದ್ದಳು. ಸೋತಾಗ ಒಪ್ಪಿಕೊಳ್ಳುತ್ತಿದ್ದಳು, ಗೆದ್ದಾಗ ತಾನೂ ಚುಚ್ಚುತ್ತಿದ್ದಳು. ಸುಧಾರಾಣಿ ಒಮ್ಮೆಯೂ ನಗುಮುಖದಿಂದ ಮಾತಾಡಲಿಲ್ಲ, ಆದರೆ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.

ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಆಯಿತು. ಫೇಲಾದವರು ಕಡಿಮೆಯಾಗಿದ್ದರು, ಇಲ್ಲವೆಂದೇನಲ್ಲ. ಈರಪ್ಪ ಮತ್ತೆ ಮೈಕು ಹಿಡಿದು ಅವರನ್ನು ಕರೆದ. ಮಕ್ಕಳು ಹೊರಡುವಷ್ಟರಲ್ಲಿ ಮಹೇಶ್ವರಿ ಎದುರಿಗೆ ಹೋಗಿ, "ಯಾರೂ ಅಲ್ಲಿ ಹೋಗಬ್ಯಾಡ್ರಿ. ಒಳಗ ನಡೀರಿ, ಪಾಠ ಐತಿ" ಎಂದಳು. ಮಕ್ಕಳು ಒಮ್ಮೆ ಆತನನ್ನು, ಒಮ್ಮೆ ಆಕೆಯನ್ನು ನೋಡಿದರು. ಮೊದಲು ಸುಧಾರಾಣಿ ಹೊರಟಳು. ಉಳಿದವರು ಹಿಂದೆ ಹೋದರು.

ಈರಪ್ಪ ಆಕೆಯನ್ನು ತನ್ನ ಕೋಣೆಗೆ ಕರೆಸಿದ. ಅಮರೇಶ ಮಾಸ್ತರನೂ ಅಲ್ಲಿದ್ದ.

"ಸಾಲಿ ನಡಸೂದು ನಾನೋ ನೀವೋ?"

"ನೀವ, ಸರ್. ನಡಸ್ರಿ. ಮಕ್ಕಳ್ನ ಬಜಾರದಾಗ ನಿಂದರ್ಸಬ್ಯಾಡ್ರಿ."

"ಅವಮಾನ ಆದ್ರನ ಓದ್ತಾರ. ನಂಗೂ ಅವಮಾನ ಆಗೈತಿ, ಅದಕ್ಕ ನಾ ದುಡಿಯಾಕತ್ತೇನಿ."

"ನೀವು ದುಡಿಯಾಕತ್ತಿಲ್ಲ, ಸರ್. ಸೇಡು ತೀರಿಸಿಕೊಳ್ಳಾಕತ್ತೀರಿ."

ಅಮರೇಶ ಕೆಮ್ಮಿ ಹೊರಗೆ ಎದ್ದು ಹೋದ. ಈರಪ್ಪನ ಮುಖ ಕಪ್ಪಿಟ್ಟಿತು. ಆ ವಾರವೇ ಆತ ಶಾಲೆಯ ಮೇಲುಸ್ತುವಾರಿ ಸಮಿತಿಯ ಸಭೆ ಕರೆದ. ಹತ್ತನೆಯವರ ತಂದೆ ತಾಯಿಗಳನ್ನೂ ಬರಹೇಳಿದ. ಟೀಚರು ಪ್ಯಾಕೇಜ್ ಕಲಿಸುತ್ತಿಲ್ಲ, ಮಕ್ಕಳಿಗೆ ಎದುರು ಮಾತಾಡುವುದನ್ನು ಕಲಿಸುತ್ತಿದ್ದಾರೆ ಎಂದು ಎಲ್ಲರ ಮುಂದೆ ಹೇಳಿದ. ಸಮಿತಿಯ ಅಧ್ಯಕ್ಷ ಕನಕಪ್ಪ, "ಅಕ್ಕೋರ, ನಮಗ ಪಾಸು ಬೇಕು. ನಿಮ್ಮ ಜಗಳ ಬ್ಯಾಡ" ಎಂದ. ಹಲವರು ತಲೆಯಾಡಿಸಿದರು.

ಆಗ ಸುಧಾರಾಣಿಯ ತಾಯಿ ಬೋರವ್ವ ಎದ್ದಳು. ತನ್ನ ಪರ ಮಾತಾಡಬಹುದು ಎಂದು ಮಹೇಶ್ವರಿಗೆ ಒಂದು ಗಳಿಗೆ ಆಸೆಯಾಯಿತು.

"ಈ ಅಕ್ಕೋರು ನನ್ನ ಮಗಳ್ನ ಕೆಡಸ್ಯಾರ್ರಿ" ಎಂದಳು ಬೋರವ್ವ. "ಮೊದಲ ನಾ ಬೈದು ಸಾಲಿಗೆ ಕಳಸ್ತಿದ್ದೆ. ಈಗ ಜ್ವರ ಬಂದ್ರೂ ಮನ್ಯಾಗ ಕುಂದ್ರಂಗಿಲ್ಲ. ಕುರಿಗೆ ನೀರು ಹಾಕಂದ್ರ ಕುರಿ ಹೆಂಗ ಮೆಲಕ ಹಾಕ್ತದ ನೋಡ್ಕೋತ ಕುಂದರ್ತಾಳ. ಏನ ಹೇಳಿದ್ರೂ ಯಾಕ ಅಂತಾಳ. ಅವರಪ್ಪಗೂ ಯಾಕ ಅಂತಾಳ. ನಾಳೆ ಕೊಟ್ಟ ಮನ್ಯಾಗ ಹಿಂಗ ಯಾಕ ಯಾಕ ಅಂದ್ರ ಯಾರು ಇಟಗೋತಾರ?"

ಸಭೆ ನಕ್ಕಿತು. ಈರಪ್ಪ ಗೆದ್ದವನಂತೆ ಕುರ್ಚಿಗೆ ಒರಗಿದ. ಮಹೇಶ್ವರಿ ತಲೆ ತಗ್ಗಿಸಿ ಕುಳಿತಿದ್ದಳು. ಜನ ಆಕೆ ನಾಚಿಕೊಂಡಳು ಎಂದುಕೊಂಡರು. ಆಕೆಗೆ ಕಣ್ಣು ತುಂಬಿ ಬಂದಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ತನ್ನ ಕೆಲಸದ ಬಗ್ಗೆ ಇಷ್ಟು ಸ್ಪಷ್ಟವಾದ ಒಳ್ಳೆಯ ಮಾತನ್ನು ಆಕೆ ಕೇಳಿರಲಿಲ್ಲ. ಹೇಳಿದವಳಿಗೆ ಅದು ಒಳ್ಳೆಯ ಮಾತೆಂದು ಗೊತ್ತಿರಲಿಲ್ಲ, ಅಷ್ಟೇ.

ಹತ್ತನೆಯ ತರಗತಿಯನ್ನು ಆಕೆಯ ಕೈಯಿಂದ ಕಿತ್ತುಕೊಂಡರು. ಈರಪ್ಪ ತಾನೇ ಹೋಗಿ ಪ್ಯಾಕೇಜ್ ಓದಿಸಿದ. ಆಕೆಗೆ ಕೆಳಗಿನ ತರಗತಿಗಳನ್ನಷ್ಟೇ ಬಿಟ್ಟು, ಬಿಸಿಯೂಟದ ಉಸ್ತುವಾರಿಯನ್ನೂ ತಲೆಗೆ ಕಟ್ಟಿದ. ಸ್ಟಾಫ್ ರೂಮಿಗೆ ಆಕೆ ಬಂದರೆ ಮಾತು ನಿಲ್ಲುತ್ತಿತ್ತು. ಸುಧಾರಾಣಿ ಮತ್ತು ಲಲಿತಾ ಮಾತ್ರ ಊಟದ ಹೊತ್ತಿಗೆ ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತು, ನಮಸ್ಕಾರ ಕೂಡ ಹೇಳದೆ, ನೇರವಾಗಿ ಪ್ರಶ್ನೆ ಕೇಳುತ್ತಿದ್ದರು. ಆಕೆ ಬೇಳೆಯ ಚೀಲದ ಮೇಲೆ ಕುಳಿತು ಉತ್ತರ ಹೇಳುತ್ತಿದ್ದಳು.

ಫಲಿತಾಂಶ ಬಂದಾಗ ವಿಜ್ಞಾನದಲ್ಲಿ ಹೋದ ವರ್ಷಕ್ಕಿಂತ ಹೆಚ್ಚು ಮಂದಿ ಪಾಸಾಗಿದ್ದರು. ತಾನು ಕೈಗೆತ್ತಿಕೊಂಡ ಮೇಲೆ ಸುಧಾರಿಸಿತು ಎಂದು ಈರಪ್ಪ ಮೇಲಿನವರಿಗೆ ಹೇಳಿದ. ಲಲಿತಾ ಪಾಸಾದಳು. ಸುಧಾರಾಣಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದು ಗಣಿತದಲ್ಲಿ ಬಿದ್ದಳು. ಮನೆಯವರು ಸಾಕು ಬಿಡು ಎಂದರೂ ಕೇಳದೆ ಎರಡನೆಯ ಪರೀಕ್ಷೆಗೆ ಕುಳಿತು ಅದನ್ನೂ ದಾಟಿ, ಇಳಕಲ್ಲಿನ ಕಾಲೇಜಿಗೆ ಸೇರಿದಳು. ಟೀಚರಿಗೆ ಹೇಳಿ ಹೋಗಲು ಬರಲಿಲ್ಲ.

ಆ ಬೇಸಿಗೆಯಲ್ಲಿ ವರ್ಗಾವಣೆಯ ಕೌನ್ಸೆಲಿಂಗ್ ಇತ್ತು. ಕಲಾದಗಿ ಕಡೆಯ ಒಂದು ಶಾಲೆಯಲ್ಲಿ ಜಾಗ ಖಾಲಿ ಇತ್ತು. ದಿನಾ ಮನೆಯಿಂದಲೇ ಓಡಾಡಬಹುದಾದ ಜಾಗ. ಈರಪ್ಪ ಆಕೆ ಹೋಗುವ ದಾರಿಯನ್ನೇ ಕಾಯುತ್ತಿದ್ದ. ಮಹೇಶ್ವರಿ ಬೇಡವೆಂದು ಬಂದಳು.

"ಮನಿ ಬಾಜೂಕ ಸಾಲಿ ಸಿಕ್ರ ಒಲ್ಲೆ ಅಂತೀಯಲ್ಲ, ಹಠಕ್ಕ ಬಿದ್ದೀಯೇನು?" ಎಂದು ಗಂಡ ಸೋಮಲಿಂಗ ಸಿಟ್ಟಿನಿಂದ ಕೇಳಿದ.

"ಹಠಾನ. ನಾ ಹೋದ್ರ ಅಂವ ಮತ್ತ ಮೈಕು ಹಿಡಿತಾನ."

ಸೋಮಲಿಂಗ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಜೂನಿನಲ್ಲಿ ವೇಳಾಪಟ್ಟಿ ಹಾಕುವಾಗ ಈರಪ್ಪ ಹತ್ತನೆಯ ತರಗತಿಯ ವಿಜ್ಞಾನವನ್ನು ಮತ್ತೆ ಆಕೆಗೇ ಬರೆಯಬೇಕಾಯಿತು. ಶಾಲೆಯಲ್ಲಿ ಆ ವಿಷಯಕ್ಕೆ ಬೇರೆ ಮಾಸ್ತರರಿರಲಿಲ್ಲ, ಹೋದ ವರ್ಷದ ದುಡಿತ ಆತನಿಗೂ ಸಾಕಾಗಿತ್ತು.

"ನಿಮ್ಮ ಮ್ಯಾಲಿನ ವಿಶ್ವಾಸಕ್ಕ ಕೊಟ್ಟೇನಿ ಅಂತ ತಿಳಕೋಬ್ಯಾಡ್ರಿ" ಎಂದ ಆತ, ತಲೆ ಎತ್ತದೆ. "ಬ್ಯಾರೆ ಯಾರೂ ಇಲ್ಲ."

"ನಿಮ್ಮ ಸಲುವಾಗಿ ತಗೊಂಡೇನಿ ಅಂತ ನೀವೂ ತಿಳಕೋಬ್ಯಾಡ್ರಿ, ಸರ್" ಎಂದು ಮಹೇಶ್ವರಿ ಚಾಕ್‌ಪೀಸಿನ ಡಬ್ಬಿ ಎತ್ತಿಕೊಂಡು ಹೊರಟಳು.