ಹಚ್ಚೊಳ್ಳಿ ಕಾರಿನ ನಡುಕ

ಕಳೆದ ವರ್ಷದ ಬೇಸಿಗೆಯ ಮಾತು. ಬಳ್ಳಾರಿಯ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತನಾದ ಮೇಲೆ ನಾನು ಕೌಲ್ ಬಜಾರಿನಲ್ಲಿ ಸ್ವಂತ ಗ್ಯಾರೇಜು ಇಟ್ಟುಕೊಂಡಿದ್ದೆ. ಹೆಚ್ಚಾಗಿ ಬ್ರೇಕಿನ ಕೆಲಸ. ನನ್ನದೊಂದು ಕೆಟ್ಟ ಸ್ವಭಾವವಿದೆ. ರಿಪೇರಿಯಾಗಿ ಹೋದ ಗಾಡಿ ಅದೇ ದೂರು ಹೊತ್ತು ತಿರುಗಿ ಬಂದರೆ ನನಗೆ ಊಟ ಸೇರುವುದಿಲ್ಲ, ಕೂತಲ್ಲಿ ಕೂರಲಾಗುವುದಿಲ್ಲ. ಮನೆಯವಳು ನನ್ನ ತಟ್ಟೆ ನೋಡಿಯೇ "ಯಾವ ಗಾಡಿ ವಾಪಸ್ ಬಂತ್ರಿ?" ಎಂದು ಕೇಳುತ್ತಾಳೆ. ಆ ಬೇಸಿಗೆಯಿಡೀ ನನ್ನ ಉತ್ತರ ಒಂದೇ: "ಹಚ್ಚೊಳ್ಳಿದು."

ಸಿರುಗುಪ್ಪದಾಚೆಯ ಹಚ್ಚೊಳ್ಳಿಯಲ್ಲಿ ಬಸವರಾಜ ಎಂಬ ಭತ್ತ ಬೆಳೆಯುವ ರೈತನಿದ್ದಾನೆ. ಅವನ ಹೆಂಡತಿ ಗಂಗಮ್ಮನ ಕಿಡ್ನಿಗಳು ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಬಳ್ಳಾರಿಗೆ ಡಯಾಲಿಸಿಸ್‌ಗೆ ಬರಬೇಕು, ತಪ್ಪಿಸುವಂತಿಲ್ಲ. ಅದಕ್ಕೆಂದೇ ಕೊಂಡ ಹಳೆಯ ಕಾರು, ಬ್ರೇಕ್ ಹಾಕಿದರೆ ಗಡಗಡ ನಡುಗುತ್ತಿತ್ತು.

ಕುರುಗೋಡು ರಸ್ತೆಗೆ ಒಯ್ದು ನಾನೇ ಓಡಿಸಿ ನೋಡಿದೆ. ಬ್ರೇಕ್ ಒತ್ತಿದಾಗ ಸೀಟು ಅಲ್ಲಾಡಿದರೆ ದೋಷ ಹಿಂದಿನ ಚಕ್ರದಲ್ಲಿ, ಸ್ಟೇರಿಂಗ್ ಅಲ್ಲಾಡಿದರೆ ಮುಂದಿನದರಲ್ಲಿ ಎಂಬುದು ನಮ್ಮ ಮೊದಲ ಲೆಕ್ಕ. ಇಲ್ಲಿ ಸ್ಟೇರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮುಂದಿನ ಚಕ್ರದೊಳಗೆ ಡಿಸ್ಕ್ ಎಂಬ ಕಬ್ಬಿಣದ ತಟ್ಟೆ ತಿರುಗುತ್ತಿರುತ್ತದೆ. ಬ್ರೇಕ್ ಒತ್ತಿದಾಗ ಎರಡು ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತವೆ. ತಟ್ಟೆ ಕೂದಲೆಳೆಯಷ್ಟು ಸೊಟ್ಟಗಾದರೂ ಸಾಕು, ಕಾರು ನಡುಗುತ್ತದೆ. ಸೊಟ್ಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದೆ, ಮುಳ್ಳು ಕುಣಿಯಿತು. ಎರಡೂ ಡಿಸ್ಕುಗಳನ್ನು ಲೇತ್ ಯಂತ್ರದಲ್ಲಿ ಹೆರೆಸಿ ಸಮ ಮಾಡಿಸಿ ಕಳಿಸಿದೆ.

ತಿಂಗಳು ತುಂಬುವುದರೊಳಗೆ ಕಾರು ವಾಪಸ್ ಬಂತು. ಈ ಸಲ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿದೆ. ಡಿಸ್ಕ್ ಕೂರುವ ‘ಹಬ್’ ಎಂಬ ಭಾಗದ ತುಕ್ಕು ಉಜ್ಜಿ ತೆಗೆದೆ. ಚಕ್ರದ ನಟ್ಟುಗಳನ್ನು ಎದುರುಬದುರಾಗಿ, ಎಲ್ಲಕ್ಕೂ ಒಂದೇ ಬಿಗಿ ಬರುವಂತೆ ಟಾರ್ಕ್ ವ್ರೆಂಚಿನಲ್ಲಿ ಬಿಗಿದೆ. ಬಸವರಾಜನನ್ನು ನಿಲ್ಲಿಸಿಕೊಂಡು ಕೇಳಿದೆ: "ಗಾಡಿ ಬಿಸಿ ಇದ್ದಾಗ ತೊಳಿತೀಯೇನು? ಕಾಲುವಿಗೆ ಇಳಿಸ್ತೀಯೇನು?"

"ಇಲ್ಲ ಭಾಯ್. ತೊಳಿಯೋದು ಸೋಮವಾರ ಮುಂಜಾನಿ ಅಷ್ಟ," ಎಂದ. ಮುಖ ನೋಡಿದರೆ ಸುಳ್ಳು ಹೇಳುವವನಲ್ಲ.

ಮತ್ತೆ ನಡುಕ ಶುರುವಾಯಿತು. ಈ ಸಲ ಕಾರಿಗಿಂತ ಮೊದಲು ಫೋನು ಬಂತು. ತೆಕ್ಕಲಕೋಟೆಯ ಬಳಿ ಟ್ರ್ಯಾಕ್ಟರ್ ಅಡ್ಡ ಬಂದು ಬಸವರಾಜ ಜೋರಾಗಿ ಬ್ರೇಕ್ ಒತ್ತಿದ್ದಾನೆ, ಕಾರು ಬಿಚ್ಚಿಹೋಗುವ ಹಾಗೆ ಅದುರಿದೆ. ಗಂಗಮ್ಮ ಹೆದರಿ ಚೀರಿಕೊಂಡಿದ್ದಾಳೆ. ಮುಂದಿನ ಸಲ ಆಕೆ ಆ ಕಾರು ಹತ್ತಲೇ ಇಲ್ಲ. ಬಸ್ಸಿಗೆ ಕರೆದುಕೊಂಡು ಹೊರಟರೆ ಅರ್ಧ ದಾರಿಯಲ್ಲಿ ವಾಂತಿಯಾಗಿ, ತಲೆಸುತ್ತು ಬಂದು, ಸಿರುಗುಪ್ಪದಲ್ಲೇ ಇಳಿದು ಹಿಂದಿರುಗಿದ್ದಾರೆ. ಅಂದಿನ ಡಯಾಲಿಸಿಸ್ ತಪ್ಪಿತು. ಎರಡು ದಿನದಲ್ಲಿ ಆಕೆಯ ಮುಖ, ಕಾಲು ಊದಿಕೊಂಡವು. "ಹೆಂಗರ ಮಾಡಿ ಆಕಿ ಗಾಡಿ ಹತ್ತೂ ಹಂಗ ಮಾಡು ಭಾಯ್," ಎಂದು ಬಸವರಾಜ ಅತ್ತೇಬಿಟ್ಟ. ಅಷ್ಟು ವರ್ಷ ಬ್ರೇಕಿನಲ್ಲೇ ಬದುಕು ಕಳೆದವನಿಗೆ ಒಂದು ತಟ್ಟೆ ಯಾಕೆ ಸೊಟ್ಟಗಾಗುತ್ತದೆಂದು ತಿಳಿಯುತ್ತಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಡಿಸ್ಕುಗಳನ್ನು ಮತ್ತೊಮ್ಮೆ ಸರಿಮಾಡಿದೆ. ನಾನೂ ಜೊತೆಗೆ ಬರುತ್ತೇನೆಂದು ಹೇಳಿದ್ದಕ್ಕೆ ಗಂಗಮ್ಮ ಒಪ್ಪಿದಳು. ಡಯಾಲಿಸಿಸ್ ಮುಗಿಸಿ ಬಳ್ಳಾರಿಯಿಂದ ಹೊರಟಾಗ ಆಕೆ ಹಿಂದಿನ ಸೀಟಿನಲ್ಲಿ ಎದುರಿನ ಸೀಟನ್ನು ಬಿಗಿಹಿಡಿದು ಕೂತಿದ್ದಳು. ನಾನು ಮುಂದೆ ಕೂತು ಬಸವರಾಜನ ಕಾಲನ್ನೇ ನೋಡುತ್ತಿದ್ದೆ. ಸಿರುಗುಪ್ಪ ದಾಟಿದ ಮೇಲೂ ನಡುಕವಿಲ್ಲ. ಊರು ಹತ್ತಿರವಾದಂತೆ ರಸ್ತೆಯ ಹಂಪುಗಳು, ಭತ್ತದ ಚೀಲದ ಟ್ರ್ಯಾಕ್ಟರುಗಳು, ದನಗಳು, ಹೆಜ್ಜೆಹೆಜ್ಜೆಗೆ ಬ್ರೇಕು. ಕಾದ ಪ್ಯಾಡಿನ ವಾಸನೆ ಮೂಗಿಗೆ ಬಂತು. ಆದರೂ ಕಾರು ಸುಮ್ಮನೆ ಮನೆ ಮುಟ್ಟಿತು.

ಬಾಗಿಲಲ್ಲಿ ಬಸವರಾಜನ ತಾಯಿ ತಿಮ್ಮವ್ವ ಕೊಡ ಹಿಡಿದು ನಿಂತಿದ್ದರು. ಕಾರು ನಿಂತದ್ದೇ ತಡ, ಒಂದು ಚೆಂಬು ನೀರು ತುಂಬಿಕೊಂಡು ಬಂದು ಮುಂದಿನ ಚಕ್ರದ ಮೇಲೆ ಸುರಿದರು. ಚಕ್ರದ ಸಂದುಗಳಿಂದ ಚೊಂಯ್ ಎಂದು ಹಬೆ ಎದ್ದಿತು. "ಅವ್ವಾ, ತಡೀರಿ!" ಎಂದು ನಾನು ಕೂಗುತ್ತ ಇಳಿಯುವಷ್ಟರಲ್ಲಿ ಅವರು ಇನ್ನೊಂದು ಚಕ್ರಕ್ಕೂ ಸುರಿದಾಗಿತ್ತು. ಕಾದು ಕೆಂಡವಾದ ಕಬ್ಬಿಣಕ್ಕೆ ಒಮ್ಮೆಲೇ ತಣ್ಣೀರು ಬಿದ್ದರೆ ಅದು ಸೊಟ್ಟಗಾಗದೆ ಇನ್ನೇನಾದೀತು?

"ಬಿಸಿ ಇದ್ದಾಗ ನೀರು ಹಾಕಂಗಿಲ್ಲ ಅಂದಿದ್ದಿಯಲ್ಲೋ!" ಎಂದು ಬಸವರಾಜನ ಮೇಲೆ ಹರಿಹಾಯ್ದೆ.

ಅವನು ಕಕ್ಕಾಬಿಕ್ಕಿಯಾದ. "ನೀ ತೊಳಿತೀಯೇನು ಅಂತ ಕೇಳ್ದಿ ಭಾಯ್. ಇದು ತೊಳಿಯೋದಲ್ಲ, ಕಾಲಿಗೆ ನೀರು ಹಾಕೋದು."

ತಿಮ್ಮವ್ವ ನನ್ನನ್ನೇ ದಿಟ್ಟಿಸಿದರು. "ಆಸ್ಪತ್ರಿಗೆ ಹೋಗಿ ಬಂದ ಕಾಲು ಹಂಗ ಒಳಗ ಬರಬಾರದಪ್ಪ. ನನ್ನ ಸೊಸಿನ್ನ ಹೊತ್ಕೊಂಡು ಬಂದದ್ದು ಈ ಗಾಡಿ. ಇದಕ್ಕ ಕಾಲು ಇಲ್ಲೇನು?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಸೊಸೆ ಉಳಿಯಲೆಂದು ಆ ಹಿರಿಯಾಕೆ ವಾರಕ್ಕೆರಡು ಸಲ ಬಾಗಿಲಲ್ಲಿ ಕಾಯುತ್ತಿದ್ದರು. ಈಗ ಹಾಕಬೇಡಿ ಎಂದರೆ ನನ್ನೆದುರು ಒಪ್ಪಿಕೊಂಡು, ನನ್ನ ಬೆನ್ನ ಹಿಂದೆ ಮತ್ತೆ ಸುರಿಯುತ್ತಾರೆ. ನಿಲ್ಲಿಸಿದರೂ, ಸೊಸೆಗೆ ಏನಾದರೂ ಹೆಚ್ಚುಕಡಿಮೆಯಾದರೆ ನೀರು ನಿಲ್ಲಿಸಿದ್ದಕ್ಕೇ ಆಯಿತೆಂದು ಕೊರಗುತ್ತಾರೆ. ಅಲ್ಲೇ ನಿಂತು ಯೋಚಿಸಿದೆ.

"ಅವ್ವಾ, ನೀರು ಬಿಡಬ್ಯಾಡ್ರಿ. ಗಾಡಿ ಬರೂಕಿಂತ ಮೊದಲ ಅಂಗಳದ ಮುಂದ ಸುರಿದಿಡ್ರಿ. ಗಾಡಿ ಅದರಾಗ ಕಾಲಿಟ್ಟು, ತೊಳ್ಕೊಂಡು ಬರಲಿ."

ಟೈರು ನೆನೆದರೆ ಚಿಂತೆಯಿಲ್ಲ, ಡಿಸ್ಕಿಗೆ ನೀರು ತಾಗುವುದಿಲ್ಲ. ತಿಮ್ಮವ್ವ ಚಕ್ರಗಳತ್ತ ನೋಡಿದರು. "ನಾಲ್ಕೂ ಕಾಲು ನೆನಿತಾವೇನು?" ಎಂದು ಕೇಳಿದರು. ನೆನೆಯುತ್ತವೆ ಎಂದೆ. "ಹಂಗಾದ್ರ ಆತು," ಎಂದು ಉಳಿದ ಚೆಂಬು ನೀರನ್ನು ನನ್ನ ಕಾಲಿಗೆ ಹಾಕಿ ಒಳಗೆ ಕರೆದರು.

ಡಿಸ್ಕುಗಳನ್ನು ಮರುದಿನವೇ ಬದಲಿಸಿದೆ. ಗಾಡಿಯ ಬದುಕಿನಲ್ಲಿ ಗ್ಯಾರೇಜು ನೋಡುವುದು ಎಷ್ಟು ಚೂರು ಎಂಬುದು ನನಗೆ ಆಗ ತಿಳಿಯಿತು. ಈಗ ಯಾರೇ ಬಂದರೂ, ಗಾಡಿ ಮನೆ ಮುಟ್ಟಿದೊಡನೆ ಅಲ್ಲಿ ಏನೇನು ನಡೆಯುತ್ತದೆ ಎಂದು ಬಿಡಿಸಿ ಬಿಡಿಸಿ ಕೇಳುತ್ತೇನೆ. ಕೆಲವರು ನಗುತ್ತಾರೆ, ನಗಲಿ.

ಮಳೆಗಾಲ ಕಳೆದ ಮೇಲೆ ಬಸವರಾಜ ಆಯಿಲ್ ಬದಲಿಸಲು ಬಂದ. ನಡುಕ ಹೇಗಿದೆ ಎಂದು ಮೊದಲು ಅದನ್ನೇ ಕೇಳಿದೆ.

"ಮುಂಜಾನಿ ತೆಕ್ಕಲಕೋಟಿ ಹತ್ರ ಎಮ್ಮಿ ಅಡ್ಡ ಬಂತು ಭಾಯ್, ಜೋರು ಬ್ರೇಕ್ ಹಾಕಿದೆ," ಎಂದ. "ಹಿಂದ ತಿರುಗಿ ನೋಡಿದ್ರ, ಆಕಿ ನಿದ್ದಿ ಮಾಡಾಕತ್ತಿದ್ಲು. ಎಚ್ಚರನೂ ಆಗ್ಲಿಲ್ಲ."