ಗರಗಸಕ್ಕೆ ಕಾಲು ಹಚ್ಚದ ಅಣ್ಣ

ರಾಜ್ಯ ಒಂದಾದ ಮರುವರ್ಷ, ಶ್ರಾವಣದ ಒಂದು ಬೆಳಗ್ಗೆ, ನಾನು ಹುಕ್ಕೇರಿಯ ಮುದುಕ ಬಡಿಗನೊಬ್ಬನ ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಹಚ್ಚಿ ನಿಂತಿದ್ದೆ. ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ ಮಾಡುತ್ತಿದ್ದ ನನ್ನ ಅಣ್ಣ ಅವನ ಹಳೆಯ ಗರಗಸದ ಯಂತ್ರ ಕೊಳ್ಳಲು ಬಂದಿದ್ದ. ಕಾಲಿನಿಂದ ತುಳಿದರೆ ಅದರ ದಾರದಂಥ ಅಲಗು ಮೇಲೆ ಕೆಳಗೆ ಆಡಿ ಹಲಗೆಯಲ್ಲಿ ಹೂಬಳ್ಳಿ ಕೊರೆಯುತ್ತಿತ್ತು.

“ತುಳದ ನೋಡಪಾ,” ಎಂದ ಮುದುಕ.

ಅಣ್ಣ ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. “ಪೂಜಾ ಮಾಡೂ ಹತ್ಯಾರಕ್ಕ ಕಾಲ ಹೆಂಗ ಹಚ್ಚಲಿ, ಕಾಕಾ? ಕೈಲೇ ತಿರುಗಸ್ತೇನಿ.”

“ಮನಿಗಿ ಒಯ್ದ ಮ್ಯಾಲೂ ಕೈಲೇ ತಿರುಗಸ್ತಿ ಏನ?” ಮುದುಕ ನಕ್ಕ.

ಅಣ್ಣ ಬಗ್ಗಿ ಒಂದು ಕೈಯಿಂದ ಕೆಳಗಿನ ಗಾಲಿ ತಿರುಗಿಸಿದ. ಅವನ ಮುಖ ಅಲಗಿನ ಸಮಕ್ಕೆ ಬಂದಿತ್ತು. ನನಗದು ಕಾಣುತ್ತಿತ್ತು, ಆದರೂ ಸುಮ್ಮನಿದ್ದೆ. ಇನ್ನೊಂದು ಕೈಯಲ್ಲಿದ್ದ ಹಲಗೆ ಎಗರಿತು, ಅಲಗು ಮುರಿಯಿತು. ನೀರು ತಂದಿದ್ದ ಮುದುಕನ ಸೊಸೆ ಚೀರಿದಳು.

ಅಲಗಿನ ಚೂರು ಅಣ್ಣನ ಕಣ್ಣಿನ ಕೆಳಗೆ, ಬೆರಳಿನ ಅಗಲದಷ್ಟು ದೂರದಲ್ಲಿ ನೆಟ್ಟಿತ್ತು. ತಾನೇ ಅದನ್ನು ಕಿತ್ತ. ಆ ಕಣ್ಣಿನೆದುರು ನಾನು ಮೂರು ಸಲ ಬೆರಳಾಡಿಸಿದೆ.

“ಕಾಣಸ್ತೈತೋ, ಬಿಡು,” ಎಂದು ಅಣ್ಣ ಗದರಿ, ಹೊಸ ಅಲಗು ಹಾಕಿಸಿ, ಕೈಮುಗಿದು, ಕಾಲಿಟ್ಟು ತುಳಿದ. ಯಂತ್ರ ಸರಿಯಾಗಿತ್ತು, ಕೊಂಡೆವು.

ಇದನ್ನು ಕಂಡವರಲ್ಲಿ ನನ್ನ ಹೊರತು ಈಗ ಉಳಿದವಳು ಆ ಸೊಸೆ ಒಬ್ಬಳೇ. ಮೂಡಲಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ.