ಮಾಗಡಿ ಕಡೆಯ ಕೈ

ನನ್ನ ಮಗಳು ಎಲ್ಲವನ್ನೂ ಎಡಗೈಯಲ್ಲೇ ಹಿಡಿಯುತ್ತಾಳೆಂದು ಮೊದಲು ಕಂಡುಹಿಡಿದವರು ನಮ್ಮತ್ತೆ. ಆಗ ಅವಳಿಗೆ ಏಳೆಂಟು ತಿಂಗಳು. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಮಗು ಹುಟ್ಟಿದ ಮನೆಗೆ ಆಟದ ಸಾಮಾನಿನ ಬರ ಇರುವುದಿಲ್ಲ. ಎದುರುಮನೆಯ ಸಾಬರು ತಾವೇ ಅರಗು ಹಚ್ಚಿದ ಕೆಂಪು ಗಿಲಕಿ ತಂದುಕೊಟ್ಟಿದ್ದರು. ಅದನ್ನು ಬಲಗಡೆ ಆಡಿಸಿದರೂ ಮಗು ಮೈಯನ್ನೆಲ್ಲ ತಿರುಗಿಸಿ ಎಡಗೈಯನ್ನೇ ಚಾಚುತ್ತಿತ್ತು. ಅತ್ತೆ ಎರಡು ಮೂರು ಸಲ ಪರೀಕ್ಷೆ ಮಾಡಿ ತೀರ್ಪು ಕೊಟ್ಟರು.

"ಇದು ಮಾಗಡಿ ಕಡೆ ಕೈ ಕಣಮ್ಮಿ. ನಮ್ ವಂಶ್ದಲ್ಲಿ ಎಡಚ್ರು ಯಾರೂ ಇಲ್ಲ."

ಮಾಗಡಿ ನನ್ನ ತವರು. ನನ್ನಣ್ಣ ಎಡಚ. ನಮ್ಮ ಮದುವೆಯಲ್ಲಿ ಅವನು ಎಡಗೈಯಲ್ಲಿ ಸೌಟು ಹಿಡಿದು ಬೀಗರಿಗೆ ಸಾರು ಬಡಿಸಲು ಹೋಗಿದ್ದ. ಅತ್ತೆ ಅದನ್ನು ಮರೆತಿರಲಿಲ್ಲ, ನನಗೂ ಮರೆಯಲು ಬಿಟ್ಟಿರಲಿಲ್ಲ.

ನಾನೇನು ಸುಮ್ಮನಿರುವವಳಲ್ಲ. ನಡುಮನೆಯ ಗೋಡೆಯ ಮೇಲೆ ಮಾವನವರ ಚಿಕ್ಕಪ್ಪನ ಹಳೆಯ ಫೋಟೊ ಇತ್ತು. ಅದರಲ್ಲಿ ಅವರು ಕೊಡೆ ಹಿಡಿದುಕೊಂಡಿದ್ದದ್ದು ಎಡಗೈಯಲ್ಲಿ. ಅದನ್ನು ತೋರಿಸಿದೆ. ಅತ್ತೆ ಮೂಗಿನ ಮೇಲೆ ಕನ್ನಡಕ ಏರಿಸಿ ನೋಡಿ, ಬಲಗೈಯಲ್ಲಿ ಅವರಿಗೆ ಬೇರೆ ಏನೋ ಕೆಲಸ ಇದ್ದಿರಬೇಕು ಎಂದರು. ನನ್ನ ಗಂಡ ಪೇಪರಿನ ಹಿಂದಿನಿಂದಲೇ, ಫೋಟೊ ತಿರುಗುಮುರುಗಾಗಿ ಪ್ರಿಂಟಾಗಿರಬಹುದು ಎಂದು ರಾಜಿ ಮಾಡಿಸಲು ನೋಡಿದರು. ಆ ಮನೆಯಲ್ಲಿ ಅವರ ಕೆಲಸ ಎಂದೂ ಅದೇ.

ಹೀಗೆ ಎಡಗೈ ಯಾರ ಕಡೆಯದೆಂದು ಕಿತ್ತಾಡುವ ಭರದಲ್ಲಿ ಬಲಗೈ ಏನು ಮಾಡುತ್ತಿದೆಯೆಂದು ನಮ್ಮಲ್ಲಿ ಒಬ್ಬರೂ ನೋಡಲಿಲ್ಲ. ಅದು ಏನೂ ಮಾಡುತ್ತಿರಲಿಲ್ಲ. ಹೆಬ್ಬೆರಳನ್ನು ಒಳಗೆ ಮಡಚಿ, ಮುಷ್ಟಿ ಕಟ್ಟಿಕೊಂಡು, ಎದೆಯ ಹತ್ತಿರ ಸುಮ್ಮನೆ ಇರುತ್ತಿತ್ತು.

ಮಗುವಿಗೆ ನೆಗಡಿಯಾಯಿತೆಂದು ರಾಮನಗರದ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ಎದೆ ನೋಡುವಾಗ ಮಗಳು ಅವರ ಸ್ಟೆತಸ್ಕೋಪಿಗೆ ಕೈ ಹಾಕಿದಳು. ಅವರು ನಗುತ್ತಾ ಆ ಎಡಗೈಯನ್ನು ಮೆತ್ತಗೆ ಹಿಡಿದುಕೊಂಡು, ಈಗ ತಗೋ ನೋಡೋಣ ಅಂದರು. ಅವಳು ತೆಗೆದುಕೊಳ್ಳಲಿಲ್ಲ, ಅತ್ತಳು. ಡಾಕ್ಟರ ನಗು ನಿಂತಿತು.

"ಯಾವಾಗಿಂದ ಹೀಗೆ ಎಡಗೈ ಮಾತ್ರ ಮುಂದೆ ಮಾಡ್ತಾಳೆ?"

"ಅದು ನಮ್ ಸೊಸೆ ಕಡೆಯವ್ರದ್ದು ಸ್ವಾಮಿ," ಎಂದರು ಅತ್ತೆ, ನೆಗಡಿಗೂ ಅದಕ್ಕೂ ತಮಗೆ ಸಂಬಂಧವಿಲ್ಲ ಎನ್ನುವ ಹಾಗೆ.

"ಅಜ್ಜಿ, ವರ್ಷ ತುಂಬೋದ್ರೊಳಗೆ ಯಾವ ಮಗೂನೂ ಎಡಚ ಆಗಲ್ಲ. ಆ ವಯಸ್ಸಲ್ಲಿ ಎರಡು ಕೈನೂ ಒಂದೇ. ಒಂದೇ ಕೈ ಬಳಸ್ತಾ ಇದೆ ಅಂದ್ರೆ ಇನ್ನೊಂದು ಕೈಗೆ ಆಗ್ತಾ ಇಲ್ಲ ಅಂತ ಅರ್ಥ."

ಆಮೇಲೆ ಬೆಂಗಳೂರು, ಸ್ಕ್ಯಾನು, ಮತ್ತೊಬ್ಬ ಡಾಕ್ಟರು. ಸೆರೆಬ್ರಲ್ ಪಾಲ್ಸಿ ಎಂದರು. ಕೈಯಲ್ಲಿ ದೋಷವಿಲ್ಲ; ಬಲಗೈಗೆ ಅಪ್ಪಣೆ ಕಳಿಸುವ ಮೆದುಳಿನ ಜಾಗಕ್ಕೆ ಹುಟ್ಟುವ ಸುಮಾರಿನಲ್ಲಿ ಪೆಟ್ಟಾಗಿದೆ, ಬಲಗಾಲಿಗೂ ಸ್ವಲ್ಪ ತಗುಲಿದೆ ಎಂದರು. ಯಾವಾಗ ವಾಸಿಯಾಗುತ್ತದೆ ಎಂದು ಕೇಳಿದೆ. ಆ ಪೆಟ್ಟು ವಾಸಿಯಾಗುವುದಿಲ್ಲ, ಹೆಚ್ಚುವುದೂ ಇಲ್ಲ. ಆದರೆ ಇಷ್ಟು ಚಿಕ್ಕ ಮಗುವಿನ ಮೆದುಳು ಕಲಿಸಿದಷ್ಟು ಕಲಿಯುತ್ತದೆ, ಬೇಗ ಶುರು ಮಾಡಿ ಎಂದರು.

ವಾಪಸು ರೈಲಿನಲ್ಲಿ ಅತ್ತೆ ಮಗುವಿನ ಆ ಪುಟ್ಟ ಮುಷ್ಟಿಯನ್ನು ತಮ್ಮ ಅಂಗೈಯೊಳಗೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು. ಬಿಡದಿ ದಾಟಿದ ಮೇಲೆ, "ಹಂಗಾದ್ರೆ ಇದು ಯಾರ್ ಕಡೇದೂ ಅಲ್ವಾ?" ಎಂದು ಕೇಳಿದರು. ಅಲ್ಲ ಅತ್ತೆ ಎಂದೆ. ಬೈಯಲು ಒಂದು ಕಡೆಯಾದರೂ ಇದ್ದಿದ್ದರೆ ಇಬ್ಬರಿಗೂ ಎಷ್ಟೋ ಹಗುರಾಗುತ್ತಿತ್ತು. ನಾನು ಚನ್ನಪಟ್ಟಣ ಬರುವವರೆಗೂ ಅಳುತ್ತಲೇ ಇದ್ದೆ.

ರಾಮನಗರದಲ್ಲೇ ಇಂಥ ಮಕ್ಕಳಿಗೆ ವ್ಯಾಯಾಮ ಕಲಿಸುವ ಒಬ್ಬ ಹುಡುಗಿ ಸಿಕ್ಕಳು. ನಮಗಿಂತ ಚಿಕ್ಕವಳಾದರೂ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದೆವು. ಅವಳು ಬೈಯುವ ರೀತಿಗೆ ಬೇರೆ ಹೆಸರು ಹೊಂದುತ್ತಿರಲಿಲ್ಲ. ಕಾಲು ಬೇಗ ಮಾತು ಕೇಳಿತು. ಎರಡು ವರ್ಷ ತುಂಬುವ ಹೊತ್ತಿಗೆ ಮಗಳು ಸ್ವಲ್ಪ ತುದಿಗಾಲಲ್ಲಿ, ಒಂದು ಕಡೆಗೆ ವಾಲಿಕೊಂಡು, ಮನೆಯೆಲ್ಲ ಓಡಾಡುತ್ತಿದ್ದಳು. ಕೈ ಮಾತ್ರ ಜಪ್ಪಯ್ಯ ಅಂದರೂ ಬಿಚ್ಚಲಿಲ್ಲ. ಆಗ ಮೇಡಂ ಒಂದು ಉಪಾಯ ಹೇಳಿದಳು. ದಿನಕ್ಕೆ ಒಂದು ಗಂಟೆ ಎಡಗೈಗೆ ಕಾಲುಚೀಲ ತೊಡಿಸಿ ಆಟಕ್ಕೆ ಕೂರಿಸಿ, ಬೇರೆ ದಾರಿ ಇಲ್ಲದೆ ಬಲಗೈ ಎದ್ದು ಬರುತ್ತದೆ.

ಅತ್ತೆಗೆ ಇದಕ್ಕಿಂತ ಸಂತೋಷದ ಸುದ್ದಿ ಇರಲಿಲ್ಲ. ಎಡಗೈಗೆ ಕಡಿವಾಣ ಹಾಕಬೇಕು ಎಂದು ಅವರು ಮೊದಲಿನಿಂದಲೂ ಹೇಳುತ್ತಿದ್ದದ್ದನ್ನೇ ಈಗ ಓದಿದವರೂ ಹೇಳುತ್ತಿದ್ದಾರೆ. ಒಂದು ಗಂಟೆಗೆ ಇಷ್ಟು ಗುಣವಾದರೆ ದಿನಪೂರ್ತಿ ಹಾಕಿದರೆ ಎಷ್ಟು ಗುಣ ಎಂಬುದು ಅವರ ಲೆಕ್ಕಾಚಾರ. ನಾನು ಸ್ಕೂಲಿಗೆ ಪಾಠ ಮಾಡಲು ಹೋದ ಮೇಲೆ ಕಾಲುಚೀಲ ತೊಡಿಸಿದರೆ, ಸಾಯಂಕಾಲ ನಾನು ಬರುವ ಹೊತ್ತಿಗಷ್ಟೇ ತೆಗೆಯುತ್ತಿದ್ದರು. ಊಟಕ್ಕೂ ಬಿಡುವಿಲ್ಲ. "ಎಡಗೈಲಿ ಉಂಡ್ರೆ ಅನ್ನಪೂರ್ಣೆ ಮುನಿಸ್ಕತಾಳೆ, ಬಲಗೈ ತಗಿ ಮಗ" ಎಂದು ಅನ್ನದ ಮುಂದೆ ಕೂರಿಸಿ ಉಪದೇಶ. ಇದೆಲ್ಲ ನನಗೆ ತಿಳಿದದ್ದು ಒಂದು ಶನಿವಾರ ಮಧ್ಯಾಹ್ನವೇ ಮನೆಗೆ ಬಂದಾಗ. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಮಗಳು ಬಲಗೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕುಳಿತಿದ್ದಳು. ಕೈ ಕೊಡು ಪುಟ್ಟ ಎಂದರೆ ಕಾಲುಚೀಲದ ಕೈಯನ್ನೇ ಚಾಚಿದಳು.

ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಿ ಮೇಡಂಗೆ ಹೇಳಿದೆ. ಅವಳು ಆ ಸಲ ಬೈಯಲಿಲ್ಲ, ಅದೇ ನನಗೆ ಭಯವಾದದ್ದು.

"ಕೈ ಬಿಗಿಯಾಗಿದ್ರೆ ನಾನು ಏನಾದ್ರೂ ಮಾಡ್ತೀನಿ. ಈ ಕೈ ನನಗೆ ಬೇಡ ಅಂತ ಮಗೂನೇ ಅಂದ್ಕೊಂಡ್‌ಬಿಟ್ರೆ ನಾನೂ ಏನೂ ಮಾಡೋಕಾಗಲ್ಲ, ಬೆಂಗಳೂರಿನ ಡಾಕ್ಟರೂ ಏನೂ ಮಾಡೋಕಾಗಲ್ಲ. ಎಡಗೈ ಅವಳ ಊಟದ ಕೈ, ಬರೆಯೋ ಕೈ. ಅದು ಹಾಗೇ ಇರಲಿ. ಬಲಗೈ ಅದಕ್ಕೆ ಜೊತೆ ಕೊಟ್ರೆ ನಾವು ಗೆದ್ದ ಹಾಗೆ."

ನಂತರ ಅತ್ತೆಯ ಕಡೆ ತಿರುಗಿದಳು. "ಅಜ್ಜಿ, ನೀವೂ ಒಂದು ಕಾಲುಚೀಲ ಹಾಕ್ಕೊಳ್ಳಿ. ನಿಮ್ಮ ಬಲಗೈಗೆ. ಒಂದು ಹೊತ್ತು ಮುದ್ದೆ ಉಂಡು ಬಂದು ನನಗೆ ಹೇಳಿ."

ನಮ್ಮತ್ತೆ ಸವಾಲಿಗೆ ಹಿಂದೆಗೆಯುವವರಲ್ಲ. ಅಂದೇ ಮಗನ ಕಾಲುಚೀಲವನ್ನು ಬಲಗೈಗೆ ಏರಿಸಿಕೊಂಡು, ಎಡಗೈ ಮುಟ್ಟದಂತೆ ಅಷ್ಟು ವರ್ಷ ಕಾಪಾಡಿಕೊಂಡಿದ್ದ ತಟ್ಟೆಯ ಮುಂದೆ ಕುಳಿತರು. ದೇವರ ಕಡೆ ತಿರುಗಿ ಕ್ಷಮಾಪಣೆಯನ್ನೂ ಕೇಳಿಕೊಂಡರು. ಮುದ್ದೆ ಮುರಿಯಲು ಹೋದರೆ ಇಡೀ ಮುದ್ದೆ ಎದ್ದು ಬಂತು. ಸಾರಿನಲ್ಲಿ ಅದ್ದಿದ ತುತ್ತು ಬಾಯಿಯ ದಾರಿ ತಪ್ಪಿ ಗಲ್ಲಕ್ಕೆ ಹೋಯಿತು. ಸಾರು ಮೊಣಕೈವರೆಗೆ ಇಳಿಯಿತು. ನನ್ನ ಗಂಡ ಪೇಪರು ಮುಖಕ್ಕೆ ಅಡ್ಡ ಹಿಡಿದಿದ್ದರೂ ಪೇಪರು ನಡುಗುತ್ತಿತ್ತು. ಮಗಳು ಮಾತ್ರ ಮುಚ್ಚುಮರೆಯಿಲ್ಲದೆ ಕೇಕೆ ಹಾಕಿ ನಕ್ಕಳು. ಅತ್ತೆ ಅರ್ಧ ಊಟಕ್ಕೇ ಎದ್ದರು. ಕೈ ತೊಳೆದುಕೊಂಡು ಬಂದು ಮೊಮ್ಮಗಳ ಎದುರು ಕುಕ್ಕರಗಾಲಲ್ಲಿ ಕೂತು, "ಹಿಂಗೇ ಆಯ್ತದಾ ನಿಂಗೆ?" ಎಂದು ಕೇಳಿದರು. ಅವಳು ಹೌದೆಂದು ತಲೆ ಆಡಿಸಿದಳು. ಅಂದಿನಿಂದ ಕಾಲುಚೀಲ ಆಟದ ಒಂದು ಗಂಟೆಗೆ ಮಾತ್ರ ಹೊರಗೆ ಬರುತ್ತಿತ್ತು.

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ನನ್ನಣ್ಣ ಮಾಗಡಿಯಿಂದ ಒಂದು ಚೀಲ ಹೊತ್ತು ತಂದ. ನಮ್ಮ ಕಡೆ ಕಾಳು ಸುಲಿದು ನೆನೆಹಾಕಿ, ಒಂದೊಂದಾಗಿ ಹೆಬ್ಬೆರಳಿಂದ ಹಿದುಕುತ್ತೇವೆ. ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ಬೇಳೆ ಪುಳಕ್ಕನೆ ಹಾರುತ್ತದೆ. ಮಗಳಿಗೆ ಆ ಹಾರುವುದು ಬೇಕಾಯಿತು. ಎಡಗೈಯಲ್ಲಿ ಎಷ್ಟೋ ಹಾರಿಸಿದಳು. ಆಟದ ಗಂಟೆಗೆ ಕಾಲುಚೀಲ ಬಂದಾಗ ಅತ್ತೆ ಏನೂ ಉಪದೇಶ ಮಾಡದೆ, ಚೆನ್ನಾಗಿ ನೆಂದು ಮೆತ್ತಗಾದ ಒಂದು ಕಾಳನ್ನು ಅವಳ ಬಲ ಮುಷ್ಟಿಯ ಸಂದಿಯಲ್ಲಿಟ್ಟು ತಮ್ಮ ಪಾಡಿಗೆ ತಾವು ಹಿದುಕುತ್ತಾ ಕುಳಿತರು. ಮೊದಮೊದಲು ಕಾಳು ಕೆಳಗೆ ಬೀಳುತ್ತಿತ್ತು, ಇಲ್ಲವೇ ಮುಷ್ಟಿಯೊಳಗೇ ಚಟ್ನಿಯಾಗುತ್ತಿತ್ತು. ಅತ್ತೆ ಇನ್ನೊಂದು ಇಡುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಒಳಗೆ ಅಡಗಿದ್ದ ಆ ಹೆಬ್ಬೆರಳು ಹೊರಗೆ ಬಂದು ಒಂದು ಕಾಳನ್ನು ಒತ್ತಿತು. ಬೇಳೆ ಹಾರಿ ಅತ್ತೆಯ ಕನ್ನಡಕಕ್ಕೆ ತಗುಲಿತು. ಅತ್ತೆ ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ತುಂಬ ಹೊತ್ತು ಸೆರಗನ್ನು ಮುಖದಿಂದ ತೆಗೆಯಲಿಲ್ಲ.

ಆ ಚಳಿಗಾಲ ನಮ್ಮ ಮನೆಯಲ್ಲಿ ಹಿದುಕಿದ ಬೇಳೆ ಸಾರು ಬಿಟ್ಟು ಬೇರೆ ಅಡುಗೆ ಇರಲಿಲ್ಲ. ಒಂದು ದಿನ ನನ್ನ ಗಂಡ, ಒಸಿ ತಿಳಿಸಾರು ಸಿಕ್ಕುತ್ತಾ ಎಂದು ಕೇಳಿ, ಅಮ್ಮನಿಂದ ಮಗುವಿನ ಏಳಿಗೆ ಸಹಿಸದವನು ಎಂದು ಅನ್ನಿಸಿಕೊಂಡರು.

ಮಾರನೆಯ ವರ್ಷ ದೊಡ್ಡಆಲಹಳ್ಳಿಯಲ್ಲಿ ನೆಂಟರ ಮದುವೆ. ಶಾಮಿಯಾನದ ಕೆಳಗೆ ಊಟಕ್ಕೆ ಕುಳಿತೆವು; ಒಂದು ಕಡೆ ನಾನು, ಇನ್ನೊಂದು ಕಡೆ ಅತ್ತೆ, ನಡುವೆ ಮಗಳು. ಗಾಳಿ ಜೋರಾಗಿತ್ತು, ಎಲ್ಲರ ಎಲೆಯ ಅಂಚೂ ಏಳುತ್ತಿತ್ತು. ಅವಳು ಯಾರ ಕಡೆಯೂ ನೋಡದೆ ಎಡಗೈಯಲ್ಲಿ ಪಾಯಸ ಬಳಿದುಕೊಳ್ಳುತ್ತಿದ್ದಳು. ಅತ್ತೆಯ ಪಕ್ಕದ ಎಲೆಗೆ ಕುಳಿತಿದ್ದ ಹೆಂಗಸು ಬಗ್ಗಿ ನೋಡಿ, "ಏನಕ್ಕ, ಮಗ ಎಡಗೈಲಿ ಉಣ್ತಾ ಐತಲ್ಲ, ಒಸಿ ಹೇಳ್ಕೊಡಬಾರ್ದಾ?" ಎಂದರು.

ಅತ್ತೆ ನಿಧಾನವಾಗಿ, "ಅದು ಅವಳ ಉಣ್ಣೋ ಕೈ ಕಣವ್ವ. ನೀನು ಈ ಕೈ ನೋಡು," ಎಂದರು.

ನಾನೂ ಆಗಲೇ ನೋಡಿದ್ದು. ಯಾರೂ ಹೇಳಿರಲಿಲ್ಲ, ಯಾರೂ ಇಟ್ಟಿರಲಿಲ್ಲ. ಮಗಳ ಬಲಗೈ ಎಲೆಯ ಅಂಚಿನ ಮೇಲಿತ್ತು. ಬೆರಳು ಪೂರ್ತಿ ನೆಟ್ಟಗಾಗಿರಲಿಲ್ಲ, ಆದರೆ ಅಂಗೈ ಬಿಚ್ಚಿಕೊಂಡು ಎಲೆಯನ್ನು ಗಾಳಿಗೆ ಏಳದಂತೆ ಅದುಮಿ ಹಿಡಿದಿತ್ತು.

ಆ ಹೆಂಗಸು ನೋಡಿದರು. ಅಲ್ಲಿ ನೋಡುವಂಥದ್ದು ಏನಿದೆಯೆಂದು ಅವರಿಗೆ ಗೊತ್ತಾಗಲಿಲ್ಲ. "ಎಲೆ ಹಿಡ್ಕಂಡೈತೆ," ಎಂದರು, "ಅದ್ರಲ್ಲೇನೈತೆ?"

ಆ ಕೈಯ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ನಾನು ಅದುವರೆಗೆ ಯಾರ ಬಾಯಲ್ಲೂ ಕೇಳಿರಲಿಲ್ಲ.